ಅಡಿಕೆಯಿಂದ ಕ್ಯಾನ್ಸರ್ ಮದ್ದು ಎಂಬ ಮೆಸೇಜ್: ತಿಳಿದವರು ದಯವಿಟ್ಟು ಹೇಳಿ

ಪೆರ್ಲ ತೋಟದಮನೆ:

ಎಲ್ಲರಿಗೂ ನಮಸ್ಕಾರ. ನಮ್ಮ ಅಡಿಕೆ ಬೆಳೆಗಾರರ ವಾಟ್ಸಾಪ್ ಗುಂಪಿನಲ್ಲಿ ಒಂದು ಮೆಸೇಜ್ ಸುತ್ತುತ್ತಲೇ ಉಂಟು. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಅಂಶಕ್ಕೆ ಕ್ಯಾನ್ಸರ್ ತಡೆಯುವ ಶಕ್ತಿ ಇದೆ, ಅಮೆರಿಕದ ಎಮೊರಿ ವಿಶ್ವವಿದ್ಯಾಲಯದವರು ಕಂಡುಹಿಡಿದಿದ್ದಾರೆ ಅಂತ. ಇನ್ನೊಂದು ಕಡೆ ಅಡಿಕೆಯಿಂದಲೇ ಕ್ಯಾನ್ಸರ್ ಬರುತ್ತದೆ ಎಂದು ಪೇಪರಿನಲ್ಲಿ ಓದುತ್ತೇವೆ. ಎರಡೂ ಹೇಗೆ ಸರಿ ಆಗುತ್ತದೆ?

ಕೇಳುವುದಕ್ಕೆ ಕಾರಣ ಉಂಟು. ನನ್ನ ಅತ್ತೆಗೆ ದೊಡ್ಡ ಕರುಳಿನ ಕ್ಯಾನ್ಸರ್. ಮಂಗಳೂರಿನಲ್ಲಿ ಕೀಮೋ ನಡೆಯುತ್ತಿದೆ. ನೋಡಲು ಬಂದವರೆಲ್ಲ ಒಂದೊಂದು ಸೊಪ್ಪಿನ ಹೆಸರು ಹೇಳಿ ಹೋಗುತ್ತಾರೆ. ಈಗ ಲಕ್ಷ್ಮಣಫಲದ (ಮಲಯಾಳದವರು ಮುಳ್ಳಾತ್ತ ಅನ್ನುತ್ತಾರೆ) ಎಲೆ ಕಷಾಯ ಶುರು ಮಾಡಬೇಕು ಅಂತ ಒತ್ತಾಯ. "ಗಿಡದಲ್ಲಿರುವುದನ್ನೇ ಲ್ಯಾಬಿನಲ್ಲಿ ಮಾಡಿ ಇಂಜೆಕ್ಷನ್ ಅಂತ ಕೊಡುವುದಲ್ವಾ? ಗಿಡವನ್ನೇ ಕುಡಿದರೆ ಏನು?" ಎಂದು ಅತ್ತೆಯ ತಮ್ಮ ಕೇಳುತ್ತಾರೆ. ಸೊಸೆಯಾದ ನಾನು ನಡುವೆ ಸಿಕ್ಕಿಕೊಂಡಿದ್ದೇನೆ. ಅವರನ್ನು ಬೈಯುವ ಉತ್ತರ ಬೇಡ. ಅವರಿಗೆ ಓದಿ ಹೇಳಬಹುದಾದ ಉತ್ತರ ಬೇಕು.

ಬದಿಯಡ್ಕದ ಕೆಮಿಸ್ಟ್:

ಅಕ್ಕ, ನಾನು ಹೈದರಾಬಾದಿನ ಒಂದು ಮದ್ದಿನ ಕಂಪೆನಿಯ ಲ್ಯಾಬಿನಲ್ಲಿ ಕೆಲಸ ಮಾಡುವವ. ಗಿಡದ ಅಂಶಗಳ ಸಿಂಥೆಟಿಕ್ ರೂಪ, ಅಂದರೆ ಲ್ಯಾಬಿನಲ್ಲೇ ತಯಾರಿಸಿದ ರೂಪ, ಮಾಡಿ ನೋಡುವುದೇ ನನ್ನ ಕೆಲಸ. ಮಾವ, ಅಂದರೆ ಅತ್ತೆಯ ತಮ್ಮ, ಕೇಳಿದ ಪ್ರಶ್ನೆ ಒಳ್ಳೆಯ ಪ್ರಶ್ನೆ. ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಎಮೊರಿ ಸುದ್ದಿ. ಅದು ಸುಳ್ಳಲ್ಲ. 2016ರ ಸಂಶೋಧನೆ. ನಮ್ಮ ಜೀವಕೋಶದಲ್ಲಿ ಎಸಿಎಟಿ1 ಎಂಬ ಒಂದು ಕಿಣ್ವ ಇದೆ. ಅದರ ನಾಲ್ಕು ತುಂಡುಗಳು ಒಟ್ಟಿಗೆ ಸೇರಿ ನಿಂತಾಗ ಕ್ಯಾನ್ಸರ್ ಕೋಶ ಸಕ್ಕರೆಯನ್ನು ತನಗೆ ಬೇಕಾದ ಹಾಗೆ ಉರಿಸಿ ಬೆಳೆಯುತ್ತದೆ. ಅರೆಕೋಲಿನ್ ಹೈಡ್ರೋಬ್ರೋಮೈಡ್ ಎಂಬ ಲವಣ ಆ ಕಿಣ್ವಕ್ಕೆ ಅಂಟಿಕೊಂಡು ನಾಲ್ಕು ತುಂಡು ಸೇರದಂತೆ ಮಾಡಿತು. ಇಲಿಗಳಲ್ಲಿ ಗೆಡ್ಡೆಯ ಬೆಳವಣಿಗೆ ನಿಧಾನವಾಯಿತು. ಸುದ್ದಿ ಇಷ್ಟು. ಅಲ್ಲಿ ಯಾರೂ ಅಡಿಕೆ ತಿನ್ನಲಿಲ್ಲ. ಮನುಷ್ಯರಿಗೆ ಕೊಟ್ಟು ನೋಡಲೂ ಇಲ್ಲ. ಇದೇ ಲವಣವನ್ನು ಹಿಂದೆ ನಾಯಿಗಳ ಹೊಟ್ಟೆಯ ಲಾಡಿಹುಳಕ್ಕೆ ಮದ್ದಾಗಿ ಕೊಡುತ್ತಿದ್ದರು. ಅಂದರೆ ಹಳೆಯ ವಸ್ತು, ಹೊಸ ಗುರಿ.

ಇನ್ನು ಅಡಿಕೆಯಿಂದ ಕ್ಯಾನ್ಸರ್ ಬರುತ್ತದೆ ಎಂಬುದು. ಅದೂ ಸುಳ್ಳಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲಿ ಅಡಿಕೆಯನ್ನು, ಹೊಗೆಸೊಪ್ಪು ಸೇರಿಸದಿದ್ದರೂ, ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಅರೆಕೋಲಿನ್ ಒಂದನ್ನೇ ತೆಗೆದುಕೊಂಡು 2020ರಲ್ಲಿ ಪರಿಶೀಲಿಸಿ, ಕ್ಯಾನ್ಸರ್ ತರುವ ಸಾಧ್ಯತೆ ಇರುವ ಗುಂಪಿನಲ್ಲಿಟ್ಟಿತು.

ಎರಡೂ ಹೇಗೆ ನಿಜ? ಅರೆಕೋಲಿನ್ ದೇಹದಲ್ಲಿ ಒಂದೇ ಕಡೆ ಕೂರುವುದಿಲ್ಲ. ಅಡಿಕೆ ಸೊಕ್ಕಿದಾಗ ತಲೆ ತಿರುಗಿ ಮೈಯೆಲ್ಲ ಬೆವರುತ್ತದಲ್ವಾ? ಆಗ ಅದು ನರಗಳ ಮೇಲೆ ಕೆಲಸ ಮಾಡುತ್ತಿದೆ. ಬಾಯಿಯ ಒಳಚರ್ಮದಲ್ಲಿ ವರ್ಷಗಟ್ಟಲೆ ಕೂತರೆ ಚರ್ಮ ಗಟ್ಟಿಯಾಗಿ ಬಾಯಿ ತೆರೆಯಲಾಗದ ಸ್ಥಿತಿ ಬರುತ್ತದೆ. ಎಸಿಎಟಿ1 ಅದು ಮುಟ್ಟುವ ಹಲವು ಜಾಗಗಳಲ್ಲಿ ಒಂದು. ಕೆಮಿಸ್ಟ್ ಮಾಡಬೇಕಾದ್ದು ಏನೆಂದರೆ, ಆ ಅಣುವಿನ ಒಂದೆರಡು ಕೊಂಬೆ ಬದಲಿಸಿ, ಬೇಕಾದ ಕಡೆ ಮಾತ್ರ ಅಂಟಿಕೊಳ್ಳುವ, ಉಳಿದ ಕಡೆ ಸುಮ್ಮನಿರುವ ರೂಪ ಹುಡುಕುವುದು. ಕಾಡುಮಾವಿನ ಬುಡಕ್ಕೆ ಬೇರೆ ತಳಿಯ ಕುಡಿ ಕಸಿ ಕಟ್ಟಿದ ಹಾಗೆ. ಬೇರು ಅದೇ, ಹಣ್ಣು ಬೇರೆ.

ಕುಂಬ್ಳೆ ಕೃಷಿಕ:

ನೀವು ಹೇಳುವುದು ಇರಬಹುದು ತಮ್ಮ. ಆದರೆ ಒಂದು ಮಾತು ನಾವು ಬೆಳೆಗಾರರು ಹೇಳಲೇಬೇಕು. ಗುಟ್ಕಾ ಮಾಡುವವ ಹೊಗೆಸೊಪ್ಪು, ಏನೇನೋ ಪುಡಿ ಸೇರಿಸಿ ಮಾರುತ್ತಾನೆ. ಕೊನೆಗೆ ಹೆಸರು ಕೆಡುವುದು ಅಡಿಕೆಗೆ. ಹಳದಿರೋಗ, ಎಲೆಚುಕ್ಕಿ, ಮಳೆಗಾಲದಲ್ಲಿ ಕೊಳೆರೋಗ, ಮೇಲಿಂದ ಹೊರದೇಶದ ಅಡಿಕೆ. ಎಲ್ಲವನ್ನೂ ತಡೆದು ನಿಂತವರು ನಾವು. ನಮ್ಮ ಪರವಾಗಿ ಒಂದು ಸಂಶೋಧನೆ ಬಂದರೆ ಅದನ್ನು ಹಂಚಿದ್ದರಲ್ಲಿ ತಪ್ಪೇನು? ನಾಳೆ ಅದರಿಂದ ಮದ್ದು ಬಂದರೆ ನಮ್ಮ ಬೆಳೆಗೆ ಬೆಲೆ ಬರುವುದಿಲ್ವಾ?

ಬದಿಯಡ್ಕದ ಕೆಮಿಸ್ಟ್:

ಅಣ್ಣ, ನಮ್ಮ ಮನೆಯೂ ಅಡಿಕೆಯಲ್ಲೇ ನಡೆದದ್ದು. ನನ್ನ ಫೀಸು ಕಟ್ಟಿದ್ದೂ ಅಡಿಕೆಯೇ. ಹಾಗಾಗಿ ಮನಸ್ಸಿನಿಂದ ಹೇಳುತ್ತೇನೆ. ಮದ್ದು ಗೆದ್ದರೂ ಮಾರುಕಟ್ಟೆಗೆ ಒಂದು ಕಿಲೋ ಅಡಿಕೆ ಜಾಸ್ತಿ ಹೋಗುವುದಿಲ್ಲ. ಅರೆಕೋಲಿನ್ ತುಂಬಾ ಸಣ್ಣ ಅಣು. ನಿಕೋಟಿನಿಕ್ ಆಮ್ಲದಂಥ ಅಗ್ಗದ ವಸ್ತುವಿನಿಂದ ಲ್ಯಾಬಿನಲ್ಲಿ ಸುಲಭವಾಗಿ ಮಾಡಬಹುದು. ಯಾರೂ ತೋಟಕ್ಕೆ ಬಂದು ಅಡಿಕೆ ಕೊಂಡು ಹಿಂಡುವುದಿಲ್ಲ.

ಗಿಡವೇ ಬೇಕಾಗುವುದು ಅಣು ದೊಡ್ಡದಾಗಿ, ಜಟಿಲವಾಗಿ ಇದ್ದಾಗ. ಸ್ತನ ಕ್ಯಾನ್ಸರಿಗೆ ಕೊಡುವ ಪ್ಯಾಕ್ಲಿಟ್ಯಾಕ್ಸೆಲ್ ನೋಡಿ. ಮೊದಲು ಅಮೆರಿಕದ ಯೂ ಮರದ ತೊಗಟೆಯಿಂದ ತೆಗೆಯುತ್ತಿದ್ದರು. ತೊಗಟೆ ಸುಲಿದರೆ ಮರ ಸಾಯುತ್ತದೆ. 1994ರಲ್ಲಿ ಪೂರ್ತಿ ಲ್ಯಾಬಿನಲ್ಲೇ ಮಾಡಿ ತೋರಿಸಿದರು. ಆದರೆ ಹಂತಗಳು ಎಷ್ಟು ಜಾಸ್ತಿ ಎಂದರೆ ಕಾರ್ಖಾನೆಗೆ ಅದು ಹೊಂದಲಿಲ್ಲ. ಕೊನೆಗೆ ದಾರಿ ಸಿಕ್ಕಿದ್ದು ಯುರೋಪಿನ ಯೂ ಮರದ ಎಲೆಯಿಂದ. ಎಲೆ ಕೊಯ್ದರೆ ಮತ್ತೆ ಚಿಗುರುತ್ತದೆ. ಎಲೆಯಿಂದ ಅರ್ಧ ಅಣು ತೆಗೆದು ಉಳಿದರ್ಧ ಲ್ಯಾಬಿನಲ್ಲಿ ಜೋಡಿಸುತ್ತಾರೆ. ಅರೆ ಸಿಂಥೆಟಿಕ್ ಅನ್ನುವುದು ಇದಕ್ಕೆ.

ಬೆಳೆಗಾರರ ಪರ ವಾದ ಮಾಡಲು ಬೇಕಾದಷ್ಟು ವಿಷಯ ಇದೆ. ಹಾಳೆತಟ್ಟೆ ಇದೆ, ಚೊಗರಿನ ಬಣ್ಣ ಇದೆ, ಆಮದಿನ ಪ್ರಶ್ನೆ ಇದೆ. ಕ್ಯಾನ್ಸರ್ ರೋಗಿಯ ಮನೆಗೆ ತಪ್ಪು ಆಸೆ ಹೊತ್ತುಕೊಂಡು ಹೋಗುವ ಮೆಸೇಜ್ ಆ ವಾದಕ್ಕೆ ಬೇಡ ಅಂತ ನನಗೆ ಅನಿಸುತ್ತದೆ.

ಕುಂಬ್ಳೆ ಕೃಷಿಕ:

ಈ ಕೋನದಿಂದ ಯಾರೂ ಹೇಳಿರಲಿಲ್ಲ. ಬೆಲೆಯ ವಿಷಯ ಅರ್ಥವಾಯಿತು. ಬಾಯಿ ಕ್ಯಾನ್ಸರಿನಲ್ಲಿ ಅಡಿಕೆಯ ಪಾಲು ಎಷ್ಟು, ಹೊಗೆಸೊಪ್ಪಿನ ಪಾಲು ಎಷ್ಟು ಎಂಬುದನ್ನು ಇನ್ನೊಮ್ಮೆ ಪ್ರತ್ಯೇಕವಾಗಿ ಚರ್ಚೆ ಮಾಡೋಣ.

ಉಪ್ಪಳದ ಸಿಸ್ಟರ್:

ಪೆರ್ಲದ ಅಕ್ಕ, ನಾನು ಕೀಮೋ ವಾರ್ಡಿನಲ್ಲಿ ಕೆಲಸ ಮಾಡುವ ನರ್ಸ್. ಅತ್ತೆಗೆ ಕೊಡುವ ಮದ್ದಿನ ಹೆಸರು ಫೈಲಿನಲ್ಲಿ ನೋಡಿ. ದೊಡ್ಡ ಕರುಳಿಗೆ ಕೊಡುವ ಮದ್ದುಗಳಲ್ಲಿ ಇರಿನೋಟೆಕಾನ್ ಒಂದು.

ಪೆರ್ಲ ತೋಟದಮನೆ:

ಹೌದು ಸಿಸ್ಟರ್, ಅದೇ ಹೆಸರು ಉಂಟು. ಜೊತೆಗೆ ಇನ್ನೆರಡು.

ಉಪ್ಪಳದ ಸಿಸ್ಟರ್:

ಹಾಗಾದ್ರೆ ಅತ್ತೆಯ ತಮ್ಮನಿಗೆ ಹೇಳಿ, ಅಕ್ಕನ ಡ್ರಿಪ್ಪಿನಲ್ಲಿ ಹೋಗುತ್ತಿರುವುದೇ ಮರದಿಂದ ಹುಟ್ಟಿದ ಮದ್ದು ಅಂತ. ಉಳಿದದ್ದು ಬದಿಯಡ್ಕದ ತಮ್ಮ ಹೇಳಲಿ. ವಾರ್ಡಿನ ವಿಷಯ ಮಾತ್ರ ನಾನು ಹೇಳುತ್ತೇನೆ.

ಇರಿನೋಟೆಕಾನ್ ತೆಗೆದುಕೊಂಡವರಿಗೆ ಭೇದಿ ಜೋರಾಗಬಹುದು. ಕೆಲವರಿಗೆ ಡ್ರಿಪ್ ನಡೆಯುವಾಗಲೇ, ಕೆಲವರಿಗೆ ಕೆಲವು ದಿನ ಬಿಟ್ಟು. ಬಿಳಿ ರಕ್ತಕಣ ಇಳಿದಿರುವ ಹೊತ್ತಿಗೆ ಭೇದಿಯೂ ಸೇರಿದರೆ ಜೀವಕ್ಕೇ ಅಪಾಯ. ಇಂಥ ಹೊತ್ತಿನಲ್ಲಿ ಮನೆಯಲ್ಲಿ ಯಾವುದೋ ಎಲೆ ಕಷಾಯ ಕೊಟ್ಟಿದ್ದರೆ ಭೇದಿ ಯಾವುದರಿಂದ ಬಂತು ಅಂತ ಡಾಕ್ಟ್ರಿಗೆ ಗೊತ್ತಾಗುವುದಿಲ್ಲ. ಇನ್ನೊಂದು ವಿಷಯ. ಯುರೋಪಿನಲ್ಲಿ ಮನಸ್ಸಿನ ಬೇಸರಕ್ಕೆ ತೆಗೆದುಕೊಳ್ಳುವ ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡಮೂಲಿಕೆ ಇದೆ. ಅದನ್ನು ಇರಿನೋಟೆಕಾನ್ ಜೊತೆ ತೆಗೆದುಕೊಂಡವರ ರಕ್ತದಲ್ಲಿ ಕೆಲಸ ಮಾಡುವ ಮದ್ದಿನ ಪ್ರಮಾಣ 42 ಶೇಕಡಾ ಇಳಿದದ್ದನ್ನು 2002ರಲ್ಲೇ ಅಳೆದಿದ್ದಾರೆ. ಗಿಡಮೂಲಿಕೆ ಪಾಪದ್ದು, ಏನೂ ಮಾಡುವುದಿಲ್ಲ ಅಂತ ತಿಳಿಯಬೇಡಿ. ಅದು ಯಕೃತ್ತಿನಲ್ಲಿ ಕೆಲಸ ಮಾಡಿ ಕೀಮೋವನ್ನೇ ಕಡಿಮೆ ಮಾಡಬಹುದು.

ರೋಗಿಗಳು ಕಷಾಯದ ವಿಷಯ ನಮ್ಮಿಂದ ಮುಚ್ಚಿಡುತ್ತಾರೆ. ಡಾಕ್ಟ್ರು ಬೈತಾರೆ ಅಂತ ಹೆದರಿಕೆ. ದಯವಿಟ್ಟು ಮುಚ್ಚಿಡಬೇಡಿ. ಬೈದರೂ ಪರವಾಗಿಲ್ಲ, ಹೇಳಿ.

ಬದಿಯಡ್ಕದ ಕೆಮಿಸ್ಟ್:

ಸಿಸ್ಟರ್ ಒಳ್ಳೆಯ ಜಾಗಕ್ಕೆ ತಂದು ನಿಲ್ಲಿಸಿದರು. ಮಾವನ ಪ್ರಶ್ನೆಗೆ ಇರಿನೋಟೆಕಾನಿನ ಕಥೆಯೇ ಉತ್ತರ.

ಚೀನಾದ ಒಂದು ಮರದಲ್ಲಿ ಕ್ಯಾಂಪ್ಟೊಥೆಸಿನ್ ಎಂಬ ಅಂಶ ಸಿಕ್ಕಿತು. 1966ರಲ್ಲಿ ಪ್ರಕಟಿಸಿದವರು ಅಮೆರಿಕದಲ್ಲಿದ್ದ ಮನ್ರೋ ವಾಲ್ ಮತ್ತು ಮನ್ಸುಖ್ ವಾಣಿ. ವಾಣಿ ಹುಟ್ಟಿದ್ದು ಮಹಾರಾಷ್ಟ್ರದ ನಂದುರ್ಬಾರಿನಲ್ಲಿ. ಪ್ಯಾಕ್ಲಿಟ್ಯಾಕ್ಸೆಲ್ ಕಂಡುಹಿಡಿದದ್ದೂ ಇದೇ ಜೋಡಿ, 1971ರಲ್ಲಿ. ನಮ್ಮ ಶಾಲೆಯ ಗೋಡೆಗಳಲ್ಲಿ ಇವರ ಫೋಟೋ ಇರಬೇಕಿತ್ತು.

ಇಲಿಗಳಲ್ಲಿ ಕ್ಯಾಂಪ್ಟೊಥೆಸಿನ್ ಚೆನ್ನಾಗಿ ಕೆಲಸ ಮಾಡಿತು. ಆದರೆ ನೀರಿನಲ್ಲಿ ಕರಗುವುದಿಲ್ಲ. ಕರಗದಿದ್ದರೆ ಇಂಜೆಕ್ಷನ್ ಹೇಗೆ? ಅದರ ಅಣುವಿನಲ್ಲಿ ಉಂಗುರದ ಹಾಗಿರುವ ಒಂದು ಭಾಗವನ್ನು ಬಿಚ್ಚಿ ಸೋಡಿಯಂ ಲವಣ ಮಾಡಿದರು. ಕರಗಿತು. 1970ರ ದಶಕದ ಮೊದಲಲ್ಲಿ ರೋಗಿಗಳಿಗೆ ಕೊಟ್ಟು ನೋಡಿದರು. ಗೆಡ್ಡೆಯ ಮೇಲೆ ಹೆಚ್ಚು ಪರಿಣಾಮ ಇಲ್ಲ. ಆದರೆ ರಕ್ತಕಣ ಕುಸಿಯಿತು, ಮೂತ್ರದಲ್ಲಿ ರಕ್ತ ಬಂತು. ಪ್ರಯೋಗ ನಿಲ್ಲಿಸಿದರು. ಕಾರಣ ಆಮೇಲೆ ತಿಳಿಯಿತು. ಉಂಗುರ ಬಿಚ್ಚಿದ ರೂಪಕ್ಕೆ ಕ್ಯಾನ್ಸರ್ ಕೋಶದ ಮೇಲೆ ಬಲ ಇಲ್ಲ. ಅದು ಮೂತ್ರಕೋಶಕ್ಕೆ ಇಳಿದು, ಅಲ್ಲಿನ ಹುಳಿಗೆ ಉಂಗುರ ಮತ್ತೆ ಕೂಡಿಕೊಂಡು, ಮೂತ್ರಕೋಶವನ್ನೇ ಸುಡುತ್ತಿತ್ತು.

1985ರಲ್ಲಿ ಅದರ ನಿಜವಾದ ಗುರಿ ಟೊಪೊಐಸೊಮರೇಸ್ 1 ಎಂಬ ಕಿಣ್ವ ಎಂದು ಗೊತ್ತಾಯಿತು. ಡಿಎನ್‌ಎ ಎಳೆಯ ಸಿಕ್ಕು ಬಿಡಿಸುವ ಕಿಣ್ವ ಅದು. ಅಷ್ಟಾದ ಮೇಲೆ ಕೆಮಿಸ್ಟರು ಉಂಗುರವನ್ನು ಮುಟ್ಟದೆ ಅಣುವಿನ ಇನ್ನೊಂದು ತುದಿಗೆ ನೀರಿನಲ್ಲಿ ಕರಗುವ ಬಾಲ ಜೋಡಿಸಿದರು. ಹಾಗೆ ಟೊಪೊಟೆಕಾನ್ ಬಂತು, ಇರಿನೋಟೆಕಾನ್ ಬಂತು. ಇರಿನೋಟೆಕಾನ್ ಜಪಾನಿನಲ್ಲಿ 1994ರಲ್ಲಿ, ಅಮೆರಿಕದಲ್ಲಿ ಎರಡೂ 1996ರಲ್ಲಿ ಒಪ್ಪಿಗೆ ಪಡೆದವು. ಮರದಲ್ಲಿ ಕಂಡದ್ದರಿಂದ ಡ್ರಿಪ್ಪಿನ ಬಾಟಲಿಯವರೆಗೆ ಸುಮಾರು 30 ವರ್ಷ.

ಹಾಗಾಗಿ ಅಕ್ಕ, ಮಾವನಿಗೆ ಹೀಗೆ ಹೇಳಿ. ಗಿಡದಲ್ಲಿದ್ದ ಅಂಶವನ್ನೇ ಲವಣ ಮಾಡಿ ಮೊದಲು ಕೊಟ್ಟು ನೋಡಿದರು. ರೋಗಿಗಳಿಗೆ ಅದು ಆಗಿಬರಲಿಲ್ಲ. ಅದನ್ನು ಬದಲಿಸಿದ ಮೇಲೆಯೇ ಮದ್ದಾಯಿತು.

ಅಡೂರು ಕಾಡಂಚು:

ಈ ಕ್ಯಾಂಪ್ಟೊಥೆಸಿನ್ ನಮ್ಮ ಪಶ್ಚಿಮ ಘಟ್ಟದ ಮರದಲ್ಲೂ ಇದೆ ಅಲ್ವಾ? ಕನ್ನಡದಲ್ಲಿ ದುರ್ವಾಸನೆ ಮರ, ಮರಾಠಿಯವರು ನರಕ್ಯಾ ಅನ್ನುವ ಮರ. ಕೈಯಲ್ಲಿ ಎಲೆ ತಿಕ್ಕಿದರೆ ಕೆಟ್ಟ ವಾಸನೆ.

ಬದಿಯಡ್ಕದ ಕೆಮಿಸ್ಟ್:

ಹೌದು. 1972ರಲ್ಲಿ ಟಿ.ಆರ್. ಗೋವಿಂದಾಚಾರಿ ಮತ್ತು ವಿಶ್ವನಾಥನ್ ಅದನ್ನು ಈ ಮರದಲ್ಲಿ ತೋರಿಸಿದರು. ಅದರ ನಂತರ ಮರಕ್ಕೆ ಕೊಡಲಿ ಬಿತ್ತು. ಮಹಾರಾಷ್ಟ್ರದ ಘಟ್ಟದಲ್ಲಿ ಬುಡಸಮೇತ ಕಡಿದು ಸಾಗಿಸಿದರು. ಗಿಡದ ಅಂಶಕ್ಕೆ ಲ್ಯಾಬಿನ ದಾರಿ ಹುಡುಕಬೇಕು ಎಂದು ನಾನು ಒತ್ತಿ ಹೇಳಲು ಇದೂ ಒಂದು ಕಾರಣ. ಮದ್ದು ಬೇಕು, ಮರವೂ ಉಳಿಯಬೇಕು.

ಮಂಜೇಶ್ವರದ ತಾಯಿ:

ಓದುತ್ತಾ ಕೂತಿದ್ದೆ, ಬರೆಯದೆ ಇರಲು ಆಗಲಿಲ್ಲ. ನನ್ನ ಮಗನಿಗೆ ಸಣ್ಣದಿರುವಾಗ ರಕ್ತದ ಕ್ಯಾನ್ಸರ್ ಆಗಿತ್ತು. ಈಗ ಕಾಲೇಜಿಗೆ ಹೋಗುತ್ತಾನೆ. ಅವನಿಗೆ ಕೊಟ್ಟ ಮದ್ದುಗಳಲ್ಲಿ ವಿನ್‌ಕ್ರಿಸ್ಟಿನ್ ಒಂದು. ಅದು ನಮ್ಮ ಅಂಗಳದ ನಿತ್ಯಪುಷ್ಪದಿಂದ ಬಂದದ್ದು ಅಂತ ಆಸ್ಪತ್ರೆಯಲ್ಲಿ ಯಾರೋ ಹೇಳಿದರು. ನನ್ನ ತಾಯಿ ಅದೇ ದಿನದಿಂದ ಆ ಗಿಡಕ್ಕೆ ನೀರು ಹಾಕಿ ಕೈಮುಗಿಯುತ್ತಿದ್ದರು. ಆದರೆ ಎಲೆ ಅರೆದು ಕೊಡಲು ನಮ್ಮ ಡಾಕ್ಟ್ರು ಬಿಡಲಿಲ್ಲ. ಯಾಕೆ ಅಂತ ಆಗ ಕೇಳುವಷ್ಟು ಸಮಾಧಾನ ನಮಗೆ ಇರಲಿಲ್ಲ.

ಉಪ್ಪಳದ ಸಿಸ್ಟರ್:

ಅಕ್ಕ, ಮಗ ಗುಣವಾದದ್ದು ಕೇಳಿ ತುಂಬಾ ಸಂತೋಷ. ಯಾಕೆ ಅಂತ ನಾನು ಹೇಳುತ್ತೇನೆ. ವಿನ್‌ಕ್ರಿಸ್ಟಿನ್ ಒಂದು ಸಲಕ್ಕೆ ಸಾಮಾನ್ಯವಾಗಿ 2 ಮಿಲಿಗ್ರಾಂ ದಾಟಿ ಕೊಡುವುದಿಲ್ಲ. ಮಕ್ಕಳಿಗೆ ಮೈಯ ಅಳತೆ ಲೆಕ್ಕ ಹಾಕಿ ಕೊಡುತ್ತೇವೆ. ಜಾಸ್ತಿ ಆದರೆ ಕೈಕಾಲು ಜೋಮು, ನಡೆಯುವಾಗ ಪಾದ ಎತ್ತಲು ಆಗದು, ಮಲಬದ್ಧತೆ. ರಕ್ತನಾಳಕ್ಕೆ ಚುಚ್ಚುವಾಗ ಹೊರಗೆ ಸೋರಿದರೆ ಮಾಂಸ ಕೊಳೆಯುತ್ತದೆ. ಬೆನ್ನುಹುರಿಗೆ ಹೋದರೆ ಪ್ರಾಣವೇ ಹೋಗುತ್ತದೆ. ಅದಕ್ಕೇ ನಾವು ಆ ಸಿರಿಂಜ್ ಅಥವಾ ಚಿಕ್ಕ ಡ್ರಿಪ್ ಚೀಲವನ್ನು ಇಬ್ಬರು ನೋಡಿ, ಹೆಸರು ಓದಿ, ಸಹಿ ಹಾಕಿ ಕೊಡುವುದು. ಅಂಗಳದ ಒಂದು ಮುಷ್ಟಿ ಎಲೆಯಲ್ಲಿ ಎಷ್ಟು ಮಿಲಿಗ್ರಾಂ ಇದೆ ಅಂತ ಯಾರು ಅಳೆಯುವುದು?

ನೀರ್ಚಾಲಿನ ಮಾಷ್ಟ್ರು:

ನಿವೃತ್ತ ವಿಜ್ಞಾನ ಅಧ್ಯಾಪಕ ನಾನು. ನಿತ್ಯಪುಷ್ಪದ ಕಥೆ ಮಕ್ಕಳಿಗೆ ಹೇಳುತ್ತಿದ್ದೆ, ಇಲ್ಲೂ ಹೇಳುತ್ತೇನೆ. ಜಮೈಕಾದಲ್ಲಿ ಸಕ್ಕರೆ ಕಾಯಿಲೆಗೆ ಅದರ ಎಲೆ ಕಷಾಯ ಕುಡಿಯುತ್ತಿದ್ದರು. ಆ ಎಲೆ ಕೆನಡಾಕ್ಕೆ ಹೋಯಿತು. ಅಲ್ಲಿ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬೀರ್ ಇಲಿಗಳ ಮೇಲೆ ನೋಡಿದರು. ಸಕ್ಕರೆ ಇಳಿಯಲಿಲ್ಲ, ಬಿಳಿ ರಕ್ತಕಣ ಇಳಿಯಿತು! ಬಿಳಿ ಕಣ ಮಿತಿಮೀರಿ ಬೆಳೆಯುವ ಕಾಯಿಲೆಗೆ ಇದು ಆಗಬಹುದಲ್ಲ ಎಂದು ಹೊಳೆಯಿತು. 1958ರಲ್ಲಿ ವಿನ್‌ಬ್ಲಾಸ್ಟಿನ್ ಬಂತು. ವಿನ್‌ಕ್ರಿಸ್ಟಿನ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1963ರಲ್ಲಿ. ನಾಟಿ ವೈದ್ಯ ಗಿಡವನ್ನು ತೋರಿಸಿತು, ಆದರೆ ಕಾಯಿಲೆ ಬೇರೆ ಆಗಿತ್ತು. ನಾಟಿ ವೈದ್ಯರನ್ನು ಕಡೆಗಣಿಸುವವರಿಗೂ, ಅವರು ಹೇಳಿದ್ದೆಲ್ಲ ಸರಿ ಎನ್ನುವವರಿಗೂ ನಾನು ಇದನ್ನು ಹೇಳುತ್ತೇನೆ.

ಒಂದು ಪ್ರಶ್ನೆ ಕೆಮಿಸ್ಟರಿಗೆ. ಇಲಿಗಳಲ್ಲಿ ಗೆದ್ದದ್ದು ಮನುಷ್ಯರಲ್ಲಿ ಯಾಕೆ ಸೋಲುತ್ತದೆ? ಒಂದು ಉದಾಹರಣೆ ಬಿಡಿಸಿ ಹೇಳಿ.

ಬದಿಯಡ್ಕದ ಕೆಮಿಸ್ಟ್:

ಮಾಷ್ಟ್ರೆ, ಮೊದಲು ಒಂದು ಸಣ್ಣ ಮಾತು. ವಿನ್‌ಬ್ಲಾಸ್ಟಿನ್‌ಗೂ ವಿನ್‌ಕ್ರಿಸ್ಟಿನ್‌ಗೂ ಇರುವ ವ್ಯತ್ಯಾಸ ಪರಮಾಣುಗಳ ಒಂದೇ ಒಂದು ಚಿಕ್ಕ ಗುಂಪು. ಅಷ್ಟಕ್ಕೇ ವಿನ್‌ಬ್ಲಾಸ್ಟಿನ್ ಮೂಳೆಯ ಮಜ್ಜೆಯನ್ನು ಜಾಸ್ತಿ ಬಾಧಿಸುತ್ತದೆ, ವಿನ್‌ಕ್ರಿಸ್ಟಿನ್ ನರವನ್ನು. ಒಂದು ಗ್ರಾಂ ವಿನ್‌ಬ್ಲಾಸ್ಟಿನ್ ತೆಗೆಯಲು ಸುಮಾರು 500 ಕಿಲೋ ಒಣ ಎಲೆ ಬೇಕು. 2022ರಲ್ಲಿ ಯೀಸ್ಟಿನಲ್ಲಿ ಅದರ ಎರಡು ಅರ್ಧಗಳನ್ನು ಬೆಳೆಸಿ ಜೋಡಿಸಿ ತೋರಿಸಿದ್ದಾರೆ.

ಇನ್ನು ನಿಮ್ಮ ಪ್ರಶ್ನೆ. ನಮ್ಮ ಭಾರತದ್ದೇ ಉದಾಹರಣೆ ಇದೆ. ಬಿಳಿ ದೇವದಾರಿಯ ಸಂಬಂಧಿಯಾದ ಒಂದು ಮರ ಪಶ್ಚಿಮ ಘಟ್ಟದಲ್ಲಿದೆ. ಅದರಲ್ಲಿ ರೋಹಿಟುಕಿನ್ ಎಂಬ ಅಂಶ. ಮುಂಬೈಯಲ್ಲಿದ್ದ ಹೋಕ್ಸ್ಟ್ ಕಂಪೆನಿಯ ಸಂಶೋಧನಾ ಕೇಂದ್ರದವರು ಅದರ ಮಾದರಿ ಇಟ್ಟುಕೊಂಡು ಲ್ಯಾಬಿನಲ್ಲಿ ಫ್ಲೇವೊಪಿರಿಡಾಲ್ ಎಂಬ ಸಿಂಥೆಟಿಕ್ ರೂಪ ಮಾಡಿದರು. ಒಂದು ಮೀಥೈಲ್ ಗುಂಪು ಇದ್ದಲ್ಲಿ ಕ್ಲೋರಿನ್ ಇರುವ ಉಂಗುರ ಕೂರಿಸಿದರು. ಕೋಶ ಒಡೆದು ಎರಡಾಗಲು ಬೇಕಾದ ಸಿಡಿಕೆ ಕಿಣ್ವಗಳನ್ನು ಅದು ತಡೆಯುತ್ತದೆ. ಆ ಬಗೆಯ ಮದ್ದುಗಳಲ್ಲಿ ಮನುಷ್ಯರ ಮೇಲೆ ಪರೀಕ್ಷೆಗೆ ಹೋದ ಮೊದಲನೆಯದು ಇದೇ.

ಗಾಜಿನ ತಟ್ಟೆಯಲ್ಲಿ ಕ್ಯಾನ್ಸರ್ ಕೋಶಗಳನ್ನು ಚೆನ್ನಾಗಿ ಕೊಂದಿತ್ತು. ಆ ಲೆಕ್ಕ ಇಟ್ಟುಕೊಂಡು ರೋಗಿಗಳಿಗೆ 24 ಗಂಟೆ, 72 ಗಂಟೆ ಡ್ರಿಪ್ಪಿನಲ್ಲಿ ಕೊಟ್ಟರು. ಪರಿಣಾಮ ತೀರಾ ಕಡಿಮೆ. ಯಾಕೆ? ತಟ್ಟೆಯಲ್ಲಿ ಕೋಶ ಬೆಳೆಸಲು ಹಾಕುವುದು ಕರುವಿನ ರಕ್ತದ ಸೀರಮ್. ಮನುಷ್ಯನ ರಕ್ತದ ಪ್ರೋಟೀನಿಗೆ ಈ ಮದ್ದು ಅದಕ್ಕಿಂತ ತುಂಬಾ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಅಂಟಿಕೊಂಡ ಮದ್ದು ಕೋಶದೊಳಗೆ ಹೋಗುವುದಿಲ್ಲ. ಅಳತೆ ಸರಿಯಾಗಿದೆ ಎಂದುಕೊಂಡದ್ದು ಮನುಷ್ಯರಲ್ಲಿ ಸಾಲಲಿಲ್ಲ.

ಅಮೆರಿಕದ ಓಹಾಯೊದ ವೈದ್ಯರು ಲೆಕ್ಕ ಮತ್ತೆ ಹಾಕಿದರು. ಅರ್ಧ ಗಂಟೆಯಲ್ಲಿ ಒಂದು ಪಾಲು ಜೋರಾಗಿ, ಉಳಿದದ್ದು 4 ಗಂಟೆಯಲ್ಲಿ ನಿಧಾನವಾಗಿ. ಒಂದು ಬಗೆಯ ರಕ್ತದ ಕ್ಯಾನ್ಸರಿನಲ್ಲಿ ಆಗ ಅದು ಎಷ್ಟು ಬಲವಾಗಿ ಕೆಲಸ ಮಾಡಿತೆಂದರೆ, ಕ್ಯಾನ್ಸರ್ ಕೋಶಗಳು ಒಟ್ಟಿಗೆ ಒಡೆದು ರಕ್ತದಲ್ಲಿ ಪೊಟ್ಯಾಸಿಯಂ ಏರಿತು. ಡಯಾಲಿಸಿಸ್ ಬೇಕಾದವರೂ ಇದ್ದರು. ಅದೇ ಮದ್ದು, ಅದೇ ಕಾಯಿಲೆ. ಕೊಡುವ ಕ್ರಮ ಬದಲಾದದ್ದಕ್ಕೆ ಇಷ್ಟು ವ್ಯತ್ಯಾಸ. ಫ್ಲೇವೊಪಿರಿಡಾಲ್‌ಗೆ ಮಾರುಕಟ್ಟೆಯ ಒಪ್ಪಿಗೆ ಸಿಗಲಿಲ್ಲ. ಆದರೆ ರೋಹಿಟುಕಿನ್ ಬಿಟ್ಟಿಲ್ಲ ಯಾರೂ. ಜಮ್ಮುವಿನ ಸಿಎಸ್‌ಐಆರ್ (ಸರಕಾರಿ ಸಂಶೋಧನಾ) ಸಂಸ್ಥೆಯವರು ಬಾಯಿಯ ಮೂಲಕ ಕೊಡಬಹುದಾದ ಇನ್ನೊಂದು ರೂಪ ಮಾಡಿದ್ದಾರೆ.

ಪೆರ್ಲ ತೋಟದಮನೆ:

ಲಕ್ಷ್ಮಣಫಲದ ಎಲೆಯ ಬಗ್ಗೆ ಯಾರೂ ಹೇಳಲಿಲ್ಲ.

ಬದಿಯಡ್ಕದ ಕೆಮಿಸ್ಟ್:

ಅದರಲ್ಲಿ ಅನ್ನೊನಾಸಿನ್ ಮತ್ತು ಅದೇ ಬಳಗದ ಅಂಶಗಳಿವೆ. ಕೋಶಕ್ಕೆ ಶಕ್ತಿ ತಯಾರಿಸುವ ಜಾಗವನ್ನೇ ಅವು ಮುಚ್ಚುತ್ತವೆ. ತಟ್ಟೆಯಲ್ಲಿ ಕ್ಯಾನ್ಸರ್ ಕೋಶ ಸಾಯುವುದು ಅದಕ್ಕೇ. ಆದರೆ ಮಿದುಳಿನ ಕೋಶಕ್ಕೂ ಶಕ್ತಿ ಬೇಕಲ್ಲ. ಕೆರಿಬಿಯನ್ ದ್ವೀಪವಾದ ಗ್ವಾಡಲೂಪಿನಲ್ಲಿ ಈ ಜಾತಿಯ ಹಣ್ಣು, ಎಲೆಯ ಕಷಾಯ ತುಂಬಾ ಬಳಸುವವರಲ್ಲಿ ಪಾರ್ಕಿನ್ಸನ್ ಥರದ ಕಾಯಿಲೆ ಜಾಸ್ತಿ ಇರುವುದನ್ನು 1999ರಲ್ಲಿ ವರದಿ ಮಾಡಿದರು. ಈ ಬಳಗದ ಸಿಂಥೆಟಿಕ್ ರೂಪಗಳನ್ನು ಹಲವು ಲ್ಯಾಬುಗಳಲ್ಲಿ ಮಾಡಿ ನೋಡುತ್ತಿದ್ದಾರೆ, ಒಂದೂ ಮದ್ದಾಗಿಲ್ಲ. ಯಾವಾಗಲಾದರೊಮ್ಮೆ ಹಣ್ಣು ತಿನ್ನುವುದು ಬೇರೆ. ಕೀಮೋ ನಡೆಯುವಾಗ ದಿನಾ ಎಲೆ ಕಷಾಯ ಬೇಡ ಅಕ್ಕ. ನನ್ನ ಅಮ್ಮನಿಗಾದರೂ ಇದನ್ನೇ ಹೇಳುತ್ತಿದ್ದೆ.

ಮುಳ್ಳೇರಿಯದವ:

ಇಲ್ಲಿ ತಿಳಿದವರಿದ್ದಾರೆ ಎಂದು ಕೇಳುತ್ತೇನೆ. ನನ್ನ ಅಪ್ಪನಿಗೆ ಒಂದು ಆಸ್ಪತ್ರೆಯಲ್ಲಿ ಹೊಸ ಮದ್ದಿನ ಟ್ರಯಲ್‌ಗೆ ಸೇರುತ್ತೀರಾ ಎಂದು ಕೇಳಿದ್ದಾರೆ. ಒಪ್ಪಿಗೆ ಪತ್ರ ಮಲಯಾಳದಲ್ಲೂ ಇಂಗ್ಲಿಷಿನಲ್ಲೂ ಮಾತ್ರ ಉಂಟು. ಅಪ್ಪ ಕಲಿತದ್ದು ಕನ್ನಡ ಶಾಲೆಯಲ್ಲಿ. ಮಲಯಾಳ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಸಹಿ ಹಾಕುವುದಾ?

ಉಪ್ಪಳದ ಸಿಸ್ಟರ್:

ಈಗಲೇ ಹಾಕಬೇಡಿ. ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಒಪ್ಪಿಗೆ ಪತ್ರ ಕೊಡಬೇಕು ಎಂಬುದು ನಿಯಮ. ಕನ್ನಡದ ಪತ್ರ ಕೇಳಿ. ಸಂಕೋಚ ಬೇಡ, ಅದು ದಯೆ ಅಲ್ಲ, ಹಕ್ಕು. ಕಾಸರಗೋಡಿನವರು ನಾವು ಕೇಳದೆ ಕೇಳದೆ ಎಲ್ಲ ಕಡೆ ಮಲಯಾಳದ ಕಾಗದಕ್ಕೆ ಸಹಿ ಹಾಕಿ ಬರುತ್ತೇವೆ.

ಬದಿಯಡ್ಕದ ಕೆಮಿಸ್ಟ್:

ಜೊತೆಗೆ ಸಿಟಿಆರ್‌ಐ (ಭಾರತದ ಟ್ರಯಲ್‌ಗಳ ನೋಂದಣಿ ಪಟ್ಟಿ) ನಂಬರ್ ಕೇಳಿ. ಭಾರತದಲ್ಲಿ ನಡೆಯುವ ಟ್ರಯಲ್‌ಗಳು ಅಲ್ಲಿ ನೋಂದಣಿ ಆಗಿರಬೇಕು, 2009ರಿಂದ ಕಡ್ಡಾಯ. ಯಾರು ಬೇಕಾದರೂ ವೆಬ್‌ಸೈಟಿನಲ್ಲಿ ನೋಡಬಹುದು. ಎಷ್ಟನೆಯ ಹಂತ ಎಂದು ಕೇಳಿ. ಮೊದಲ ಹಂತದಲ್ಲಿ ಮುಖ್ಯವಾಗಿ ನೋಡುವುದು ಎಷ್ಟು ಕೊಟ್ಟರೆ ತಡೆದುಕೊಳ್ಳಬಹುದು ಎಂದು. ಮೂರನೆಯ ಹಂತದಲ್ಲಿ ಈಗಿರುವ ಚಿಕಿತ್ಸೆಯ ಜೊತೆ ಹೋಲಿಸುತ್ತಾರೆ. ಅಪ್ಪನಿಗೆ ಸಿಗುವುದು ಹೊಸ ಮದ್ದೋ, ಹಳೆಯದೋ ಎಂದು ಚೀಟಿ ಎತ್ತಿದ ಹಾಗೆ ನಿರ್ಧಾರ ಆಗುತ್ತದಾ, ಅದನ್ನೂ ಕೇಳಿ. ಪರೀಕ್ಷೆಯ ಮದ್ದಿನಿಂದ ತೊಂದರೆಯಾದರೆ ಚಿಕಿತ್ಸೆ ಉಚಿತವಾಗಿ ಕೊಡಬೇಕು, ಇದು 2019ರ ನಿಯಮದಲ್ಲಿದೆ. ಮಧ್ಯದಲ್ಲಿ ಬೇಡ ಅನಿಸಿದರೆ ಹೊರಗೆ ಬರಬಹುದು. ಅದರಿಂದ ಉಳಿದ ಚಿಕಿತ್ಸೆಗೆ ತೊಂದರೆ ಆಗಬಾರದು.

ಸೇರಬೇಡಿ ಅಂತ ನಾನು ಹೇಳುವುದಿಲ್ಲ. ಯಾರೋ ಅಂದು ಸೇರಿದ್ದರಿಂದಲೇ ಇರಿನೋಟೆಕಾನ್, ವಿನ್‌ಕ್ರಿಸ್ಟಿನ್ ಇಂದು ನಮಗೆ ಸಿಕ್ಕಿವೆ. ತಿಳಿದು ಸೇರಲಿ ಅಷ್ಟೇ.

ಮುಳ್ಳೇರಿಯದವ:

ನಾಳೆಯೇ ಫೋನ್ ಮಾಡಿ ಕನ್ನಡದ ಪತ್ರ ಕೇಳುತ್ತೇನೆ. ಬಂದರೆ ಇಲ್ಲಿ ಹಾಕಲಾ ಸಿಸ್ಟರ್, ನೀವೊಮ್ಮೆ ಓದಿ ನೋಡಬಹುದಾ?

ಉಪ್ಪಳದ ಸಿಸ್ಟರ್:

ಇಲ್ಲಿ ಹಾಕಬೇಡಿ, ಅದರಲ್ಲಿ ಅಪ್ಪನ ವಿವರ ಇರುತ್ತದೆ. ನನಗೆ ಪ್ರತ್ಯೇಕ ಮೆಸೇಜ್ ಮಾಡಿ. ರಾತ್ರಿ ಡ್ಯೂಟಿ ಮುಗಿಸಿ ಬಂದು ಓದುತ್ತೇನೆ.